ಗಿರಣಿ ಮನೆಯ ಕಾಳಿಲ್ಲದ ಊಟ

ಬೀದಿಯವರೆಲ್ಲ ಅವಳನ್ನು ಕನಸಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಎದುರು ಸಾಲಿನ ಟೈಲರಮ್ಮ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಒಳಕೋಣೆಯ ಗೋಡೆಯ ಪಕ್ಕ ಚಾಪೆ ಹಾಸಿ ಮಲಗಿದಳೆಂದರೆ ಇವಳಿಗೆ ಬೀಳುವ ಕನಸೆಲ್ಲ ಅಡುಗೆಯದೇ. ರಾಜಕುಮಾರ, ಹಾವು, ಹಾರುವ ಕುದುರೆ ಯಾವುದೂ ಇವಳ ನಿದ್ದೆಯ ಕಡೆ ತಲೆ ಹಾಕಿದ್ದಿಲ್ಲ. ಬಾಣಲೆ ಕಾಯುವುದು, ಈರುಳ್ಳಿ ಕೆಂಪಾಗುವುದು, ಹದಕ್ಕೆ ಬಂದ ಹಿಟ್ಟು ಅಂಗೈ ಬಿಟ್ಟು ಏಳುವುದು, ಇಷ್ಟೇ. ಕಣ್ಣು ಬಿಡುವಷ್ಟರಲ್ಲಿ ಮರುದಿನ ಏನು ಮಾಡಬೇಕೆಂಬುದು ತೀರ್ಮಾನವಾಗಿರುತ್ತಿತ್ತು. "ನಾಳೆ ಏನೇ ಅಡುಗೆ?" ಎಂದು ಬೆಳಿಗ್ಗೆಯೇ ಯಾರಾದರೂ ಕೇಳಿದರೆ, "ಇನ್ನೂ ಮಲಗಿಲ್ಲ, ಎದ್ಮೇಲೆ ಹೇಳ್ತೀನಿ" ಎನ್ನುವಳು. ತಮಾಷೆಗಲ್ಲ, ನಿಜವಾಗಿಯೇ.

ಆ ಗೋಡೆಯ ಆಚೆಗಿದ್ದದ್ದು ಅವಳ ಗಂಡನ ಹಿಟ್ಟಿನ ಗಿರಣಿ. ಮುಂದಿನ ದೊಡ್ಡ ಕೋಣೆ ಗಿರಣಿಗೆ, ಹಿಂದಿನ ಸಣ್ಣ ಕೋಣೆಗಳು ಸಂಸಾರಕ್ಕೆ. ಕಲ್ಲು ತಿರುಗುವಾಗ ಗೋಡೆ ಸಣ್ಣಗೆ ನಡುಗುತ್ತಿತ್ತು, ಆ ನಡುಕ ಚಾಪೆಗೂ ಬರುತ್ತಿತ್ತು. ಮನೆಗೆ ಬಂದ ನೆಂಟರು ಆ ಸದ್ದಿಗೆ ನಿದ್ದೆಗೆಟ್ಟು ಒದ್ದಾಡುವರು. ಇವಳಿಗೆ ಆ ಸದ್ದಿಲ್ಲದೆ ಕಣ್ಣು ಹತ್ತುತ್ತಿರಲಿಲ್ಲ. ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಹಿಟ್ಟಿನ ಧೂಳು ತೇಲುತ್ತಿತ್ತು. ಅದು ಮೇಲೂ ಹೋಗದೆ ಕೆಳಗೂ ಬೀಳದೆ ತನ್ನ ಪಾಡಿಗೆ ಆಡುವುದನ್ನು ನೋಡುತ್ತ ನೋಡುತ್ತ ಅವಳು ನಿದ್ದೆಗೆ ಜಾರುತ್ತಿದ್ದಳು.

ಗಿರಣಿಯವನು ಮಾತಿನಲ್ಲಿ ಜಿಪುಣ. ಹೆಗಲು, ಹುಬ್ಬು, ಕಿವಿಯ ಹಿಂಭಾಗ ಎಲ್ಲ ಸದಾ ಬಿಳಿ. "ಕುಂಬಳಕಾಯಿ ಕಳ್ಳ ಅಂದ್ರೆ ನನ್ ತಮ್ಮ ಹೆಗಲು ಮುಟ್ಟಿ ನೋಡ್ಕೊಳ್ಳೋದೂ ಬೇಡ, ಹಾಗೇ ಸಿಕ್ಕಿಬೀಳ್ತಾನೆ" ಎಂದು ಅವನ ಅಕ್ಕ ನಗುತ್ತಿದ್ದಳು. ಈ ಅಕ್ಕ, ಅಂದರೆ ಕನಸಮ್ಮನ ಅತ್ತಿಗೆ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು. ಮನಸ್ಸು ಬೆಣ್ಣೆಯೇ, ಆದರೆ ಕರಗುವುದಕ್ಕೆ ಮುಂಚೆ ಎದುರಿನವರ ಕಿವಿ ತೂತಾಗಿರುತ್ತಿತ್ತು.

ಆ ವರ್ಷ ಗಿರಣಿಯವನು ಸೊರಗತೊಡಗಿದ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಊಟವಾದ ಕೂಡಲೇ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡುವನು. ಸೊಂಟದ ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಂಡ, ಅದೂ ಸಡಿಲವಾಯಿತು. ಒಂದು ಬೆಳಿಗ್ಗೆ ಗಿರಾಕಿಯ ಗೋಧಿ ಚೀಲ ಎತ್ತಲು ಹೋಗಿ ಚೀಲದ ಮೇಲೇ ಕುಸಿದು ಕುಳಿತ. ಮದುವೆಯಾದಾಗ ಹೆಗಲಿಗೊಂದರಂತೆ ಎರಡು ಚೀಲ ಹೊರುತ್ತಿದ್ದ ಮನುಷ್ಯ ಅವನು. ಕನಸಮ್ಮ ಆ ದಿನವೇ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ತಾಳ್ಮೆಯವರು. ರಕ್ತ ತೆಗೆಸಿ, ಹೊಟ್ಟೆ ಒತ್ತಿ ನೋಡಿ, ಫೋಟೋ ತೆಗೆಸಿ, ಕೊನೆಗೆ ಹೇಳಿದರು: "ನಿಮ್ಮ ಕರುಳು ಕಾಳು ತಡೀತಾ ಇಲ್ಲ. ಗೋಧಿ, ಅಕ್ಕಿ, ಜೋಳ, ಯಾವ ಧಾನ್ಯವೂ ಬೇಡ. ಬೇಳೆ, ಒಣ ಕಾಳು ಅವೂ ಸದ್ಯಕ್ಕೆ ಬೇಡ. ಎಳೆ ಬೀನ್ಸು, ಹಸಿ ಬಟಾಣಿ ಸ್ವಲ್ಪ ತಿನ್ನಬಹುದು. ಕರುಳಿಗೆ ರಜೆ ಕೊಡಿ. ಹೀಗೇ ತೂಕ ಇಳೀತಾ ಹೋದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕಾಗುತ್ತೆ. ಆಮೇಲೆ ಏನಾಗುತ್ತೋ ಹೇಳೋಕಾಗಲ್ಲ." ಆಮೇಲೆ ಪೆನ್ನು ಎತ್ತಿ, "ಕೆಲಸ ಏನು?" ಎಂದರು.

"ಸ್ವಂತ ವ್ಯಾಪಾರ" ಎಂದ ಗಿರಣಿಯವನು, ಎದೆ ಸೆಟೆಸಿ. ಕಾಳು ಬೇಡವೆಂದವರ ಮುಂದೆ ಹಿಟ್ಟು ಬೀಸುವವನು ಎನ್ನಲು ಅವನಿಗೆ ಹೇಗೋ ನಾಚಿಕೆಯಾಯಿತು. ಅವಳೂ ತಿದ್ದಲಿಲ್ಲ. ಹೊರಗೆ ಬಂದ ಮೇಲೆ ಇಬ್ಬರಿಗೂ ನಗು ಬಂತು, ನಕ್ಕರು. ಬಸ್ಸಿನಲ್ಲಿ ಕುಳಿತ ಮೇಲೆ ಯಾರೂ ನಗಲಿಲ್ಲ.

ಮನೆಗೆ ಬಂದವಳೇ ಕನಸಮ್ಮ ಶೆಲ್ಫು ಖಾಲಿ ಮಾಡಿದಳು. ಅಕ್ಕಿ, ಬೇಳೆ, ಹಿಟ್ಟು, ರವೆ ಎಲ್ಲ ಟೈಲರಮ್ಮನ ಮನೆಗೆ ಹೋದವು. ಡಬ್ಬಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದಳು. "ಅವನೊಬ್ಬನಿಗೆ ಬೇಡ ಅಂದ್ರೆ ಊರಿಗೆಲ್ಲ ಉಪವಾಸವಾ?" ಎಂದು ಅತ್ತಿಗೆ ಕೇಳಿದಳು. "ಒಂದೇ ಒಲೆ, ಒಂದೇ ಊಟ ಅತ್ತಿಗೆ. ಅವರ ಮುಂದೆ ನಾವು ಕೂತು ತಿನ್ನೋಕೆ ನನ್ನಿಂದಾಗಲ್ಲ" ಎಂದಳು ಕನಸಮ್ಮ. ಅಂದಿನಿಂದ ಅತ್ತಿಗೆ ಟೈಲರಮ್ಮನ ಮನೆಗೆ ಮಾತಾಡಲು ಹೋಗುವುದು ಜಾಸ್ತಿಯಾಯಿತು, ಅದೂ ಊಟದ ಹೊತ್ತಿಗೆ ಸರಿಯಾಗಿ.

ಮರುದಿನ ಮಧ್ಯಾಹ್ನ ಕನಸಮ್ಮ ಎಂದಿನಂತೆ ಮಲಗಿದಳು. ಕನಸಿನಲ್ಲಿ ಒಂದು ದೊಡ್ಡ ತಟ್ಟೆ ಬಂತು. ಅಂಚಿನಲ್ಲಿ ಎಲ್ಲವೂ ಇತ್ತು, ಹಸಿರು, ಕೆಂಪು, ಹಳದಿ. ನಡುವೆ ಮಾತ್ರ ಖಾಲಿ. ಅವಳು ಆ ಖಾಲಿಯ ದಡದಲ್ಲಿ ಸೌಟು ಹಿಡಿದು ನಿಂತಿದ್ದಳು. ಎಚ್ಚರವಾದಾಗ ನಾಳೆಯ ಅಡುಗೆ ಏನೆಂದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ತಟ್ಟೆಯ ನಡುವೆ ಕಂಡದ್ದೆಲ್ಲ ಕಾಳಿನದೇ. ಉಳಿದದ್ದೆಲ್ಲ ನಂಚಿಕೊಳ್ಳುವುದಕ್ಕೆ. ನಂಚಿಕೊಳ್ಳುವುದನ್ನೇ ಊಟವೆಂದು ಬಡಿಸುವುದು ಹೇಗೆ?

ಆದರೂ ಅವಳು ಬಿಡುವವಳಲ್ಲ. ಎಚ್ಚರವಿದ್ದೇ ಯೋಚಿಸುವುದನ್ನು ಕಲಿತಳು, ಅವಳ ಮಟ್ಟಿಗೆ ಅದು ಹೊಸ ವಿದ್ಯೆ. ಮೊದಲು ನಡುವಿಗೆ ಏನು ಎಂದು ಗೊತ್ತು ಮಾಡಬೇಕು: ಗೆಣಸೋ, ಆಲೂಗಡ್ಡೆಯೋ, ಕುಂಬಳಕಾಯಿಯೋ, ಬಾಳೆಕಾಯಿಯೋ. ಇಲ್ಲವೆಂದರೆ ಹೂಕೋಸನ್ನು ಸಣ್ಣಗೆ ತುರಿದು ಆವಿಯಲ್ಲಿ ಬೇಯಿಸಿ ಅನ್ನದ ವೇಷ ಹಾಕಿಸಬೇಕು. ಅದರ ಪಕ್ಕದಲ್ಲಿ ಹೊಟ್ಟೆ ಹಿಡಿದು ನಿಲ್ಲಿಸುವಂಥದ್ದು, ಮೊಟ್ಟೆಯೋ ಮೀನೋ ಕೋಳಿಯೋ. ಜಿಡ್ಡಿಗೆ ಕಾಯಿಹಾಲು, ಬಾದಾಮಿ. ಹಸಿರಿಗೆ ಸೊಪ್ಪು, ಮತ್ತು ಡಾಕ್ಟರು ಕೃಪೆಯಿಂದ ಬಿಟ್ಟುಕೊಟ್ಟ ಬೀನ್ಸು, ಬಟಾಣಿ. ಮೊದಲು ಸಾರು ಗಟ್ಟಿಯಾಗಲು ಹಿಟ್ಟು ಕದಡಿ ಹಾಕುತ್ತಿದ್ದಳು, ಈಗ ಬೆಂದ ಕುಂಬಳಕಾಯಿ ಹಿಸುಕಿ ಹಾಕಿದಳು. ಬೆಳಗಿನ ಹೊತ್ತೇ ದೊಡ್ಡ ಶತ್ರು, ಏಕೆಂದರೆ ಹಸಿವು ಆಗಲೇ ಜೋರು, ಕೈಗೆ ಸಿಗುವುದೆಲ್ಲ ಬ್ರೆಡ್ಡು ಬಿಸ್ಕತ್ತು. ಅದಕ್ಕೆ ಸಂಜೆಯೇ ಎರಡರಷ್ಟು ಬೇಯಿಸಿಟ್ಟು ಬೆಳಿಗ್ಗೆ ಬೆಣ್ಣೆಯಲ್ಲಿ ಹುರಿದುಕೊಡುವ ಉಪಾಯ ಕಂಡುಕೊಂಡಳು. ಗಿರಣಿಯವನ ಜೇಬಿನಲ್ಲಿ ಸದಾ ಬೇಯಿಸಿದ ಮೊಟ್ಟೆ ಇರುತ್ತಿತ್ತು. ಅಂಗಿ ಒಗೆಯುವಾಗ ಒಂದೆರಡು ಸಲ ಅದೂ ನೀರಿಗೆ ಬಿತ್ತು.

ನಿಧಾನವಾಗಿ ಕನಸುಗಳೂ ದಾರಿಗೆ ಬಂದವು. ಬಟಾಣಿ ಸಿಪ್ಪೆಗಳು ತಾವಾಗಿಯೇ ಬಾಯಿ ಬಿಟ್ಟು ಹಸಿರು ಮಣಿಗಳನ್ನು ಅವಳ ಮಡಿಲಿಗೆ ಸುರಿಯುತ್ತಿದ್ದವು. ಕುಂಬಳಕಾಯಿಯನ್ನು ಎರಡಾಗಿ ಕತ್ತರಿಸಿದರೆ ಒಳಗೆ ದೀಪ ಹಚ್ಚಿದಂತಹ ಕೋಣೆ. ಅಲ್ಲಿ ಅವಳ ಗಂಡ ಕಾಲು ಚಾಚಿ ಕುಳಿತು ಹೊಟ್ಟೆ ತುಂಬ ಉಣ್ಣುತ್ತಿದ್ದ. ಕೆನ್ನೆ ತುಂಬಿಕೊಂಡಿರುತ್ತಿತ್ತು. ಎಚ್ಚರವಾದರೆ ಗೋಡೆಯಾಚೆ ಕಲ್ಲು ತಿರುಗುವ ಸದ್ದು. ಅವಳು ಆ ಕೆನ್ನೆಯನ್ನೇ ನೆನೆಯುತ್ತ ಸ್ವಲ್ಪ ಹೊತ್ತು ಹಾಗೇ ಮಲಗಿರುತ್ತಿದ್ದಳು.

ಆದರೆ ಕೆನ್ನೆ ತುಂಬಲಿಲ್ಲ. ವಾರಗಳು ಕಳೆದವು, ಡಾಕ್ಟರ ತಕ್ಕಡಿಯ ಮುಳ್ಳು ಕೆಳಗೇ ಇಳಿಯಿತು. "ಏನಾದ್ರೂ ಕದ್ದು ತಿಂತಿದಾರಾ?" ಎಂದು ಅವರು ಅವಳನ್ನೊಬ್ಬಳನ್ನೇ ಕರೆದು ಕೇಳಿದರು. "ಮುಂದಿನ ಸಲ ಬರುವಾಗ್ಲೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ."

ಕನಸಮ್ಮನಿಗೆ ತನ್ನ ಅಡುಗೆಮನೆಯ ಮೇಲೇ ಅನುಮಾನ ಬಂತು. ಮರದ ಸೌಟಿನ ಸಂದಿಯಲ್ಲಿ ಹಳೆಯ ಹಿಟ್ಟು ಕೂತಿರಬಹುದೆಂದು ಅದನ್ನು ಒಲೆಗೆ ಹಾಕಿದಳು. ಅಂಗಡಿಯ ಮಸಾಲೆ ಪುಡಿಯಲ್ಲಿ ಏನು ಬೆರೆಸುತ್ತಾರೋ ಎಂದು ಎಲ್ಲವನ್ನೂ ಮನೆಯಲ್ಲೇ ಕುಟ್ಟಿದಳು. ಸಾಸಿನ ಬಾಟಲಿ ತೊಟ್ಟಿಗೆ ಹೋಯಿತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಅತ್ತಿಗೆ ದಿನಕ್ಕೊಂದು ಸಲ ಎಸೆಯುತ್ತಿದ್ದಳು, ಅದರ ಅರ್ಧ ಊಟ ಮಾಡಿಸುವವಳಿಗೇ ತಾಗುವ ಹಾಗೆ. ಒಂದು ದಿನ ಬಾಯಿಬಿಟ್ಟು ಹೇಳಿಯೂ ಬಿಟ್ಟಳು: "ನನ್ ತಮ್ಮನ್ನ ಗೆಡ್ಡೆ ಗೆಣಸು ತಿನ್ಸಿ ತಿನ್ಸಿ ಕೊಲ್ತಿದ್ದೀಯ ನೀನು." ಇರಬಹುದೇನೋ ಎಂದು ಕನಸಮ್ಮನಿಗೂ ಅನ್ನಿಸಿತ್ತು.

ಕೊನೆಗೆ ಅವಳು ಗಂಡನನ್ನೇ ಕೇಳಿದಳು. ಅವನು ಕೈಕಾಲು ತೊಳೆದು ತಟ್ಟೆಯ ಮುಂದೆ ಕುಳಿತಿದ್ದ.

"ರೀ, ನಿಜ ಹೇಳಿ. ಹೊರಗೆಲ್ಲಾದ್ರೂ ಏನಾದ್ರೂ ತಿಂತಿದ್ದೀರಾ?"

"ಏನು?"

"ಬ್ರೆಡ್ಡೋ, ಬನ್ನೋ. ಆಸೆ ಆಗುತ್ತೆ, ನಂಗೊತ್ತು. ಬೈಯಲ್ಲ."

ಅವನು ಅವಳನ್ನೇ ನೋಡಿದ. ಕಣ್ಣುಗಳು ಗುಳಿಗೆ ಇಳಿದಿದ್ದವು. "ನಿನ್ನಾಣೆ. ಒಂದು ಕಾಳು ತಿಂದಿಲ್ಲ" ಎಂದ. ಅವನು ಸುಳ್ಳು ಹೇಳುವ ಜಾತಿಯವನಲ್ಲ. ಹೇಳಿದರೂ ಅವಳ ಮೇಲೆ ಆಣೆ ಇಟ್ಟು ಹೇಳುವವನಲ್ಲ. ಅವಳು ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳು. ಈ ಮನುಷ್ಯ ಇಲ್ಲದ ಮನೆ ಹೇಗಿರುತ್ತದೆಂದು ಅವಳಿಗೆ ಮೊದಲ ಬಾರಿ ಕಣ್ಣಿಗೆ ಕಟ್ಟಿತು.

ಮರುದಿನ ಮಧ್ಯಾಹ್ನ ಸೆಕೆ ಬಹಳ. ಗೋಡೆ ನಡುಗುತ್ತಿತ್ತು, ಬಿಸಿಲಿನ ಕಂಬದಲ್ಲಿ ಧೂಳು ತೇಲುತ್ತಿತ್ತು. ನಾಳೆಗೆ ಗೆಣಸೋ ಬಾಳೆಕಾಯೋ ಎಂದುಕೊಳ್ಳುತ್ತಲೇ ಕನಸಮ್ಮನ ರೆಪ್ಪೆ ಮುಚ್ಚಿತು. ಆದರೆ ಅಂದು ಅಡುಗೆಯ ಕನಸು ಬೀಳಲಿಲ್ಲ. ಅವಳು ಮತ್ತೆ ಹುಡುಗಿಯಾಗಿದ್ದಳು. ತಲೆಯ ಮೇಲೆ ಅಮ್ಮ ಕೊಟ್ಟ ಗೋಧಿ ಬುಟ್ಟಿ, ಕಾಲಿಗೆ ಒಂದು ಪಟ್ಟಿ ಹರಿದ ಚಪ್ಪಲಿ. ಗಿರಣಿಯ ಬಾಗಿಲಲ್ಲಿ ಕಣ್ಣು ಕತ್ತಲಿಟ್ಟಿತು. ಒಳಗೆ ಬಿಳಿ ಹುಬ್ಬಿನ ಹುಡುಗನೊಬ್ಬ ಅವಳ ಬುಟ್ಟಿ ಇಳಿಸಿ ಗೋಧಿಯನ್ನು ಗಿರಣಿಯ ಮೇಲಿನ ಬಾಯಿಗೆ ಸುರಿದ. ಕೆಳಗಿನ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಬೆಚ್ಚಗಿನ ಹಿಟ್ಟು ಇಳಿಯತೊಡಗಿತು, ಸದ್ದಿಲ್ಲದೆ, ಮುಗಿಯುವುದೇ ಇಲ್ಲವೇನೋ ಎಂಬಂತೆ. ಹುಡುಗ ಕೈ ಚಾಚಿ ಎರಡು ಬೆರಳಲ್ಲಿ ಚಿಟಿಕೆ ಹಿಟ್ಟು ಹಿಡಿದ, ತಿಕ್ಕಿದ, ನಾಲಿಗೆಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. "ಈ ಗೋಧಿ ಒಂದ್ಸಲ ಮಳೇಲಿ ನೆಂದಿದೆ. ಆಮೇಲೆ ಯಾರೋ ತುಂಬಾ ಪ್ರೀತಿಯಿಂದ ಒಣಗಿಸಿದಾರೆ" ಎಂದ. ಒಣಗಿಸಿದವಳು ಅವಳೇ. ಆ ಮಾತಿಗೇ ಅವಳು ಅವನನ್ನು ಮದುವೆಯಾಗಿದ್ದು. ಕನಸಿನಲ್ಲಿ ಆ ಕೈ ಮತ್ತೆ ಹಿಟ್ಟಿಗೆ ಹೋಯಿತು, ಮತ್ತೆ ಬಾಯಿಗೆ ಬಂತು. ಹಿಟ್ಟಿಗೆ, ಬಾಯಿಗೆ. ಹಿಟ್ಟಿಗೆ, ಬಾಯಿಗೆ. ಕೈ ಮುದಿಯಾಗುತ್ತ ಹೋಯಿತು, ಮೂಳೆ ಕಾಣಿಸಿತು, ಆದರೂ ನಿಲ್ಲಲಿಲ್ಲ.

ಅವಳು ದಡಬಡಿಸಿ ಎದ್ದಳು. ಸೆರಗು ಕೂಡ ಸರಿ ಮಾಡಿಕೊಳ್ಳದೆ ಮುಂದಿನ ಕೋಣೆಗೆ ಓಡಿದಳು.

ಗಿರಣಿ ಟೈಲರಮ್ಮನ ಜೋಳ ಬೀಸುತ್ತಿತ್ತು. ಗಿರಣಿಯವನು ಬಟ್ಟೆಯ ತೋಳಿನ ಕೆಳಗೆ ಕೈ ಒಡ್ಡಿ, ಚಿಟಿಕೆ ಹಿಟ್ಟು ತೆಗೆದು, ತಿಕ್ಕಿ ಬಾಯಿಗೆ ತರುತ್ತಿದ್ದ. ಕನಸಮ್ಮ ಅವನ ಮಣಿಕಟ್ಟು ಹಿಡಿದಳು. ತನ್ನ ಎರಡು ಬೆರಳಲ್ಲೇ ಆ ಮಣಿಕಟ್ಟು ಸಿಕ್ಕಿತು, ಅಷ್ಟು ಸಣ್ಣಗಾಗಿತ್ತು.

"ಏನಿದು?" ಎಂದು ಕೂಗಿದಳು, ಕಲ್ಲಿನ ಸದ್ದಿಗಿಂತ ಜೋರಾಗಿ.

"ಏನು ಏನಿದು? ಹಿಟ್ಟು ನೋಡ್ತಿದ್ದೀನಿ."

"ಬಾಯಿಗೆ ಹಾಕ್ಕೊಂಡು?"

"ಮತ್ತೆ ಹೆಂಗೆ ನೋಡ್ತಾರೆ? ನುಣುಪು ಬೆರಳಿಗೆ ಗೊತ್ತಾಗುತ್ತೆ. ಕಲ್ಲು ಕಾದು ಹಿಟ್ಟು ಸೀದಿದ್ಯಾ, ಹಿಂದಿನವರ ಕಾಳು ಬೆರೆತಿದ್ಯಾ, ಅದು ನಾಲಿಗೆಗೇ ಗೊತ್ತಾಗ್ಬೇಕು. ನಮ್ಮಪ್ಪ ಹಂಗೇ ಕಲ್ಸಿದ್ದು."

"ಪ್ರತಿ ಚೀಲಕ್ಕೂ?"

"ಪ್ರತಿ ಚೀಲಕ್ಕೂ. ಒಂದೊಂದಕ್ಕೆ ಎರಡು ಸಲ."

"ದಿನವಿಡೀ?"

ಆಗ ಅವನಿಗೆ ಅರ್ಥವಾಯಿತು. ತನ್ನ ಬೆರಳುಗಳನ್ನು ಯಾರದೋ ಬೆರಳು ಎಂಬಂತೆ ನೋಡಿಕೊಂಡ. ಆಣೆ ಇಟ್ಟಾಗ ಅವನು ಸುಳ್ಳು ಹೇಳಿರಲಿಲ್ಲ. ಹಿಟ್ಟು ಅವನಿಗೆ ಕೆಲಸವಾಗಿತ್ತು. ಊಟವೆಂದರೆ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುವುದು. ಅವಳೂ ಆ ಚಿಟಿಕೆಯನ್ನು ಸಂಸಾರ ಶುರುವಾದಾಗಿನಿಂದ ನೋಡಿದ್ದವಳೇ. ದಿನಾ ಕಂಡದ್ದು ಕಣ್ಣಿಗೆ ಬಿದ್ದಿರಲಿಲ್ಲ. "ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಹಣೆ ಚಚ್ಚಿಕೊಂಡಳು. ಟೈಲರಮ್ಮ ಏನಾಯಿತೆಂದು ತಿಳಿಯದೆ, "ನನ್ ಜೋಳ ಚೆನ್ನಾಗಿಲ್ವಾ?" ಎಂದು ಕೇಳಿದಳು.

ಡಾಕ್ಟರು ಎಲ್ಲ ಕೇಳಿ ತಲೆ ಮೇಲೆ ಕೈಹೊತ್ತರು. ಚಿಟಿಕೆಯೊಂದೇ ಅಲ್ಲ, ಆ ಧೂಳೂ ಬೇಡ ಎಂದರು. ಗಿರಣಿಯವನು ಒಪ್ಪಲಿಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತೇನೆ, ನಾಲಿಗೆಗೆ ಮುಟ್ಟಿಸುವುದಿಲ್ಲ ಎಂದ. ಹಾಗೇ ಮಾಡಿದ. ಮೊದಲ ದಿನ ಊಟಕ್ಕೆ ಬಂದಾಗ ಕನಸಮ್ಮ ಅವನ ಮುಖ ನೋಡಿದಳು. ಕಪ್ಪು ಬಟ್ಟೆಯ ಮೇಲೆ, ಸರಿಯಾಗಿ ಬಾಯಿ ಇರುವ ಜಾಗದಲ್ಲಿ, ದಪ್ಪನಾದ ಒಂದು ಬಿಳಿ ಮಚ್ಚೆ. ಕೈ ತನ್ನ ಪಾಡಿಗೆ ತಾನು ಬಂದು ಬಂದು ಬಟ್ಟೆಗೆ ಬಡಿದು ಹೋಗಿತ್ತು. ಅವನಿಗದು ಗೊತ್ತೇ ಇರಲಿಲ್ಲ. ಅವಳು ಬಟ್ಟೆ ಬಿಚ್ಚಿ ತೋರಿಸಿದಳು. ಅವನು ನೋಡಿ, ಎದ್ದು ಹೋಗಿ ಗಿರಣಿಯ ಮೇನ್ ಸ್ವಿಚ್ಚನ್ನೇ ಆರಿಸಿದ.

ಹಾಗೆ ಗಿರಣಿ ನಿಂತಿತು. ಕನಸಮ್ಮ ಮನೆಯ ಮೂಲೆ ಮೂಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಿಸಿಲಿನ ಕಂಬ ಬರಿದಾಯಿತು. ಗೆಣಸು, ಮೊಟ್ಟೆ, ಕುಂಬಳಕಾಯಿಗಳು ಈಗ ತಮ್ಮ ಕೆಲಸ ಮಾಡಿದವು: ಗಿರಣಿಯವನು ಹಿತ್ತಲಿಗೆ ಓಡುವುದು ನಿಂತಿತು, ಕೆನ್ನೆಯ ಗುಳಿ ತುಂಬಿತು, ಬೆಲ್ಟು ಹೊಸ ತೂತನ್ನು ಬಿಟ್ಟು ಹಳೆಯದಕ್ಕೆ ಮರಳಿತು. ದೊಡ್ಡಾಸ್ಪತ್ರೆಯ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಅತ್ತಿಗೆ ಹೂಕೋಸಿನ ಅನ್ನವನ್ನು ಎರಡನೇ ಸಲ ಬಡಿಸಿಕೊಂಡು, "ಅಡುಗೆ ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಹುಟ್ಟುವುದಿಲ್ಲ.

ಮೈ ಬಂತು, ಮನುಷ್ಯ ಬರಲಿಲ್ಲ. ಅವನು ದಿನವಿಡೀ ಆ ಗೋಡೆಗೆ ಒರಗಿ ಕುಳಿತಿರುತ್ತಿದ್ದ. ಯಾರಾದರೂ ಚೀಲ ಹೊತ್ತು ಬೇರೆ ಬೀದಿಯ ಗಿರಣಿಗೆ ಹೋಗುವುದು ಕಿಟಕಿಯಿಂದ ಕಂಡರೆ ಮುಖ ತಿರುಗಿಸುವನು. ಎರಡು ಬೆರಳು ಮಾತ್ರ ಒಂದಕ್ಕೊಂದು ತಿಕ್ಕುತ್ತಲೇ ಇರುತ್ತಿದ್ದವು. ಸದ್ದಿಲ್ಲದ ಮನೆಯಲ್ಲಿ ಕನಸಮ್ಮನಿಗೂ ಮಧ್ಯಾಹ್ನ ಕಣ್ಣು ಹತ್ತಲಿಲ್ಲ. ಉಳಿಸಿಕೊಂಡೆನಲ್ಲ ಎಂದು ಸಮಾಧಾನ ಪಡಲು ನೋಡಿದರೆ, ಏನನ್ನು ಉಳಿಸಿಕೊಂಡೆ ಎಂದು ಮನಸ್ಸು ಕೇಳುತ್ತಿತ್ತು. ಚಾಪೆಯ ಮೇಲೆ ಕಣ್ಣು ಬಿಟ್ಟೇ ಮಲಗಿ ಯೋಚಿಸಿದಳು, ಒಂದು ಮಧ್ಯಾಹ್ನ ತೀರ್ಮಾನ ಮಾಡಿ ಎದ್ದಳು.

"ಗಿರಣಿ ನಾನು ನಡೆಸ್ತೀನಿ" ಎಂದಳು.

"ಹೆಂಗಸು ಕಲ್ಲಿನ ಮುಂದೆ ನಿಲ್ಲೋದಾ?" ಎಂದಳು ಅತ್ತಿಗೆ.

"ಒಲೆ ಮುಂದೆ ನಿಂತಿಲ್ವಾ? ಅದಕ್ಕಿಂತ ಇದು ತಣ್ಣಗಿದೆ."

ಗಿರಣಿಯವನು ತಲೆ ಎತ್ತಿದ. "ನಿಂಗೆ ಹಿಟ್ಟು ನೋಡೋಕೆ ಬರಲ್ಲ" ಎಂದ.

"ನೀವು ಹೇಳಿಕೊಡಿ. ಒಳಗೆ ಮಾತ್ರ ಕಾಲಿಡ್ಬೇಡಿ. ಕಲ್ಲು ನಿಂತು ನಾನು ಮನೆಯೆಲ್ಲ ಒರೆಸೋವರೆಗೂ ಆಚೆನೇ ಇರಿ."

ಮರುದಿನ ಅವನನ್ನು ರಸ್ತೆಯಾಚೆ ಟೈಲರಮ್ಮನ ಅಂಗಡಿಯ ಬೆಂಚಿನ ಮೇಲೆ ಕೂರಿಸಿದರು. ಗಾಳಿ ಅತ್ತ ಬೀಸುತ್ತಿರಲಿಲ್ಲ. ಟೈಲರಮ್ಮನ ಗೋಧಿಯೇ ಮೊದಲ ಬೋಣಿ. ಕನಸಮ್ಮ ತಲೆಗೆ ಬಟ್ಟೆ ಬಿಗಿದು ಸ್ವಿಚ್ಚು ಹಾಕಿದಳು. ಗಿರಣಿಯ ಬೆಲ್ಟು ಮುಲುಗಿ ಹೊರಳಿತು, ಗೋಡೆ ನಡುಗಿತು. ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯಿತು. ಅವಳು ಎರಡು ಬೆರಳಲ್ಲಿ ಚಿಟಿಕೆ ಹಿಡಿದು, ಬಾಗಿಲಿಗೆ ಬಂದು, ಅವನಿಗೆ ಕಾಣುವ ಹಾಗೆ ನಾಲಿಗೆಯ ಮೇಲಿಟ್ಟುಕೊಂಡಳು. ಎಷ್ಟೋ ತಿಂಗಳಿನಿಂದ ಅವಳ ನಾಲಿಗೆ ಮುಟ್ಟದ ರುಚಿ ಅದು.

"ಹೇಗಿದೆ?" ಎಂದು ಅವನು ಅಲ್ಲಿಂದ ಕೂಗಿದ.

"ಚೆನ್ನಾಗಿದೆ!"

"ಚೆನ್ನಾಗಿದೆ ಅಂತ ಗಿರಾಕಿಗೆ ಹೇಳು. ನಂಗೆ ರುಚಿ ಹೇಳು."

ಅವಳು ಕಣ್ಣು ಮುಚ್ಚಿದಳು. ನಡುವೆ ಒಂದು ಲಾರಿ ಹಾದುಹೋಯಿತು. "ಮೊದ್ಲು ಏನೂ ಇಲ್ಲ" ಎಂದಳು. "ಆಮೇಲೆ ಸ್ವಲ್ಪ ಸಿಹಿ. ಕೊನೇಲಿ, ಕೊನೇಲಿ ಇಸ್ತ್ರಿ ಪೆಟ್ಟಿಗೆ ಬಟ್ಟೆ ಮೇಲೆ ಮರೆತುಬಿಟ್ರೆ ಬರುತ್ತಲ್ಲ, ಹಾಗೆ."

ಬೆಂಚಿನಿಂದ ಅವನು ಎದ್ದು ನಿಂತ. "ಕಲ್ಲು ಬಿಗಿಯಾಗಿದೆ! ಪಕ್ಕದ ಚಕ್ರ ನಿಧಾನ ಹಿಂದಕ್ಕೆ ತಿರುಗಿಸು." ಅವಳು ಒಳಗೆ ಹೋಗಿ ತಿರುಗಿಸಿದಳು, ಅವನು ಕಲ್ಲಿನ ಸದ್ದಿಗೆ ಕಿವಿಗೊಟ್ಟ. "ಸಾಕು, ಸಾಕು. ಈಗ ನೋಡು."

ಅವಳು ಮತ್ತೆ ಬಾಗಿಲಿಗೆ ಬಂದಳು. ಮತ್ತೆ ಚಿಟಿಕೆ, ಮತ್ತೆ ಕಣ್ಣು ಮುಚ್ಚಿದಳು. "ಈಗ ಸುಟ್ಟ ರುಚಿ ಇಲ್ಲ. ಬೆಚ್ಚಗಿದೆ. ನಾಲಿಗೆ ಮೇಲೆ ಕರಗ್ತಾ ಇದೆ, ಹಾಲಿನ ತರ. ಸಿಹಿ ನಿಧಾನಕ್ಕೆ ಬರುತ್ತೆ, ಬಂದ್ಮೇಲೆ ಹೋಗೋದೇ ಇಲ್ಲ."

ಅವಳು ಕಣ್ಣು ಬಿಟ್ಟು ನೋಡಿದಳು. ರಸ್ತೆಯಾಚೆ ಗಿರಣಿಯವನು ಬಾಯಿ ಸಣ್ಣಗೆ ಆಡಿಸುತ್ತ ನಿಂತಿದ್ದ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಇಳಿಯಿತು. ಬಾಯಲ್ಲಿ ಏನೂ ಇಲ್ಲದೆ ಅವನು ನುಂಗಿದ್ದ. ತಾನು ಅವನಿಂದ ಏನನ್ನು ಕಿತ್ತುಕೊಂಡೆ ಎಂಬುದು ಅವಳಿಗೆ ಆಗ ಪೂರ್ತಿ ತಿಳಿಯಿತು.

"ಇನ್ನೊಂದ್ಸಲ ಹೇಳು" ಎಂದ ಅವನು.

ಅವಳ ಹಿಂದೆ ಗಿರಣಿಯ ಮೇಲಿನ ಬಾಯಿ ಬರಿದಾಗಿ ಕಲ್ಲು ಕಿರುಚತೊಡಗಿತ್ತು. ಟೈಲರಮ್ಮ ಚೀಲ ಹಿಡಿದು ಕಾಯುತ್ತಿದ್ದಳು. ಕನಸಮ್ಮ ಬಾಗಿಲಲ್ಲೇ ನಿಂತು, ಮೊದಲಿನಿಂದ, ಒಂದು ಮಾತೂ ಬಿಡದೆ, ಆ ರುಚಿಯನ್ನು ಅವನಿಗೆ ಮತ್ತೆ ಹೇಳಿದಳು.